ಬ್ಯಾಡ್ಜಿನ ಹಿಂದಿನ ಚೀಟಿ

"ಈ ಚೀಟಿ ಕೊನೆಗೆ ಯಾರ ಕೈ ಸೇರುತ್ತೋ?" ಎಂದು ಹಿರಿಯ ಡ್ರೈವರ್ ಯಾರನ್ನೂ ನೋಡದೆ ಗಟ್ಟಿಯಾಗಿಯೇ ಕೇಳಿದ. ಬಸ್ ಡಿಪೋದ ಮೇಜಿನಾಚೆ ಕೂತು ಎಲ್ಲರ ರಕ್ತದ ಗುಂಪು, ಕಾಯಿಲೆ, ಔಷಧಿಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದ ನರ್ಸ್ ಅವನ ಸ್ವಂತ ಮಗಳು. ಅಪಘಾತವಾದರೆ ಆಂಬುಲೆನ್ಸಿನವರು ಆ ಕ್ಷಣವೇ ಓದಲೆಂದು ಪ್ರತಿಯೊಬ್ಬರೂ ಆ ಚೀಟಿಯನ್ನು ಬ್ಯಾಡ್ಜಿನ ಹಿಂದೆ ಇಟ್ಟುಕೊಳ್ಳಬೇಕಿತ್ತು.

"ನನ್ನ ರಕ್ತ ಯಾವ ಗುಂಪೋ ಏನೋ, ಹೆಂಡ್ತಿ ಕುಡಿದು ಉಳಿಸಿದ್ರೆ ತಾನೆ!" ಎಂದು ಕಂಡಕ್ಟರ್ ಎಲ್ಲರನ್ನೂ ನಗಿಸಿದ. ಡ್ರೈವರ್ ನಗಲಿಲ್ಲ. ಬರೆದು ಮುಗಿದ ಚೀಟಿಗಳನ್ನು ಮ್ಯಾನೇಜರ್ ಒಂದೊಂದಾಗಿ ಎತ್ತಿ ಓದುತ್ತಿದ್ದುದರ ಮೇಲೆಯೇ ಅವನ ಕಣ್ಣು. ತನ್ನ ಚೀಟಿ ಕೈಗೆ ಬಂದೊಡನೆ ಮೂರನೆಯ ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ. ಅಲ್ಲಿ 'ಮೂರ್ಛೆರೋಗ' ಎಂದಿತ್ತು. ಮನೆಯ ಹೊಸಿಲು ದಾಟದಂತೆ ಇಷ್ಟು ದಿನ ಕಾಪಾಡಿಕೊಂಡು ಬಂದ ಮಾತು ಅದು.

"ಇದನ್ನ ಬರಿ ಅಂತ ಮ್ಯಾನೇಜರ್ ಹೇಳಿಕೊಟ್ನಾ?" ಎಂದು ಪಿಸುಗುಟ್ಟಿದ.

"ಹೋದ ವಾರ ಬಚ್ಚಲಲ್ಲಿ ಬಿದ್ದೆಯಲ್ಲಪ್ಪ, ಅದು ಹೇಳಿಕೊಡ್ತು."

"ಬಿದ್ದೆ, ಎದ್ದೆ. ಇದನ್ನ ಅವನು ನೋಡಿದ್ರೆ ಇವತ್ತೇ ನನ್ನ ಸ್ಟೀರಿಂಗ್‌ನಿಂದ ಇಳಿಸ್ತಾನೆ. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಬೇರೆ ಚೀಟಿ ಬರಿ ಕಂದ, ಈ ಒಂದು ಸಾಲು ಬಿಟ್ಟುಬಿಡು."

ಮಗಳು ಅವನ ಮುಖ ನೋಡಲಿಲ್ಲ, ಕಿಟಕಿಯಾಚೆ ನೋಡಿದಳು. ಅವನೂ ತಿರುಗಿದ. ಅವನ ಬಸ್ಸು ಆಗಲೇ ತುಂಬಿತ್ತು. ಮುಂದಿನ ಸೀಟಿನಲ್ಲಿ ತಾಯಿಯೊಬ್ಬಳು ಮಗುವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು.

"ಬರೆಯಲ್ಲಪ್ಪ" ಎಂದಳು ಮಗಳು.