ಇಪ್ಪತ್ತನೇ ಭುಜ

ರೊಟ್ಟಿ ಬಡಿಯುತ್ತಿದ್ದ ನನ್ನ ಬಲಭುಜ ನಡುವೆಯೇ ಹಿಡಿದುಕೊಂಡಿತು. ಫಿಜಿಯೊಥೆರಪಿ ಕಲಿಯುವ ಮಗಳು ಶಿವಲೀಲಾ ಓಡಿಬಂದಳು. ಎರಡನೇ ವರ್ಷದಲ್ಲಿ ಆ ವಿದ್ಯಾರ್ಥಿಗಳ ಅಂಗೈಗೆ ಚುಚ್ಚುಮದ್ದು ಕೊಡುತ್ತಾರೆ. ಆಮೇಲೆ ಅವರು ಮುಟ್ಟಿದ ಮೈಗೆ ಹಿಂದೆ ಬಿದ್ದ ಪೆಟ್ಟು ಅವರಿಗೂ ಬೀಳುತ್ತದೆ.

"ಮುಟ್ಟಬ್ಯಾಡ. ಬಚ್ಚಲದಾಗ ಬಿದ್ದಿದ್ನಿ, ಅಷ್ಟ," ಎಂದೆ.

"ಪರೀಕ್ಷೆಗೆ ಇಪ್ಪತ್ತು ಭುಜ ನೋಡಬೇಕವ್ವಾ. ಹತ್ತೊಂಬತ್ತು ಆದ್ವು, ನಿಂದೊಂದು ಕೊಡ," ಎಂದು ನಗುತ್ತಲೇ ಒತ್ತಿದಳು.

ಮರುಕ್ಷಣ ಚೀರಿದಳು. ಅವಳು ದಿನಾ ಹೂವೇರಿಸುವ ಫೋಟೋದ ಅಪ್ಪ ಇಪ್ಪತ್ತು ವರ್ಷದ ಹಿಂದೆ ಬೀಸಿದ ಒನಕೆ ಅವಳ ಭುಜಕ್ಕೂ ಬಡಿಯಿತು. ಮತ್ತೆ ಬಡಿಯಿತು. ಕಚ್ಚಿದ ತುಟಿಯಿಂದ ರಕ್ತ ಇಳಿದರೂ ಕೈ ತೆಗೆಯಲಿಲ್ಲ. ಅವಳ ಎಡಗೈ ಮಾತ್ರ ತಾನಾಗಿ ಮಡಚಿ, ಇಲ್ಲದ ಕೂಸೊಂದನ್ನು ಎದೆಗೆ ಅವಚಿಕೊಂಡಿತು.

ಒಲೆಯ ಮೇಲೆ ರೊಟ್ಟಿ ಕರಕಾಯಿತು.

"ಅವ್ವಾ," ಎಂದಳು, "ಅಪ್ಪ ಒನಕಿ ಬೀಸಿದ್ದು ನಿನಗಲ್ಲ, ನನಗೇನ?"