ಎರಡನೆಯ ಕೈ

ಹಿರಿಯ ಗುಮಾಸ್ತರ ಪರದೆಯ ಮೇಲೆ ಕೆಂಪು ಗೆರೆ ಮೂಡಿದ್ದು ಅಂದೇ ಮೊದಲು. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಕುಳಿತು, ಹಳೆಯ ಕೇಸ್ ಶೀಟುಗಳನ್ನು ಅವರು ಕಂಪ್ಯೂಟರಿಗೆ ಏರಿಸತೊಡಗಿ ನಾಲ್ಕು ತಿಂಗಳಾಗಿತ್ತು. ಒಂದೇ ಹಾಳೆಯನ್ನು ಇಬ್ಬರು ಬೇರೆಬೇರೆಯಾಗಿ ಏರಿಸಬೇಕು. ಯಂತ್ರ ಎರಡನ್ನೂ ಎದುರುಬದುರು ಹಿಡಿದು ಹೋಲಿಸುತ್ತದೆ, ಹೊಂದದಿದ್ದರೆ ಕೆಂಪು ಗೆರೆ ಎಳೆಯುತ್ತದೆ. ಇವರು ಮೊದಲನೆಯ ಕೈ. ಎರಡನೆಯ ಕೈ ಐದನೆಯ ಮಹಡಿಯಲ್ಲಿ ಕುಳಿತಿದ್ದ ಯಾರೋ. ಮುಖ ಕಂಡದ್ದಿಲ್ಲ, ದನಿ ಕೇಳಿದ್ದಿಲ್ಲ. ಆದರೂ ಪ್ರತಿ ಸಂಜೆ 'ವ್ಯತ್ಯಾಸ: ಸೊನ್ನೆ' ಎಂಬ ಹಸಿರು ಸಾಲು ಮೂಡಿದಾಗ, ದಿನವಿಡೀ ಯಾರೊಡನೆಯೂ ತುಟಿ ಬಿಚ್ಚದ ಗುಮಾಸ್ತರಿಗೆ, ತಮ್ಮ ಮಾತಿಗೆ ಯಾರೋ ಹೂಂಗುಟ್ಟಿದಂತಾಗುತ್ತಿತ್ತು.

"ಮೊದಲನೇ ಕೈ ನೀವೇನಾ ಸರ್?" ಕನ್ನಡಕವನ್ನು ನೆತ್ತಿಗೇರಿಸಿಕೊಂಡ, ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. "ನಾನು ಎರಡನೇದು. ನೀವು ತಪ್ಪು ಮಾಡಿದೀರಿ ಅಂದ್ರೆ ಮೇಲೆ ಒಬ್ಬರೂ ನಂಬಲ್ಲ. ತಪ್ಪು ನಿಂದೇ ಇರುತ್ತೆ, ಹೋಗಿ ನೋಡ್ಕೊಂಡು ಬಾ ಅಂತ ಅಟ್ಟಿದ್ರು."

"ಕೂತ್ಕೊಳ್ಳಮ್ಮ," ಎಂದು ಗುಮಾಸ್ತರು ಎರಡನೆಯ ಕುರ್ಚಿಯ ಮೇಲಿನ ಕಡತಗಳನ್ನು ಎತ್ತಿ ನೆಲಕ್ಕಿಟ್ಟರು. ಆ ಕುರ್ಚಿಯ ಮೇಲೆ ಮನುಷ್ಯರು ಕುಳಿತು ಎಷ್ಟು ವರ್ಷವಾಗಿತ್ತೋ, ಅದು ಕಿರ್ರೆಂದಿತು.

ಅವಳು ಕೈಯಲ್ಲಿದ್ದ ನಕಲನ್ನು ಮೇಜಿನ ಮೇಲೆ ಹರಡಿದಳು. "ಮೂರನೇ ವಾರ್ಡು, ಹದಿನೇಳನೇ ಹಾಸಿಗೆ. ಕೊನೇ ಗಂಟೇಲಿ ರೋಗಿ ಜೊತೆ ಯಾರಾದ್ರೂ ಇದ್ರಾ ಅನ್ನೋ ಕಾಲಂ. ನಾನು 'ಇಲ್ಲ' ಅಂತ ಹಾಕಿದೀನಿ, ನೀವು 'ಇದ್ದರು' ಅಂತ. ನರ್ಸಮ್ಮನ ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿದೆ. 'ಇಲ್ಲ' ಅಂತಾನೇ ಇದೆಯಲ್ಲ?"

"ಇದ್ದರಮ್ಮ. ಇದೇ ಕಟ್ಟಡದಲ್ಲಿದ್ದರು."

"ಕಟ್ಟಡದಲ್ಲಿದ್ರೆ ಆಗೋಯ್ತಾ ಸರ್? ಹಾಗ್ ನೋಡಿದ್ರೆ ಲಿಫ್ಟಿನವನೂ ಇದ್ದ!" ಎಂದು ನಕ್ಕಳು.

ಗುಮಾಸ್ತರು ನಗಲಿಲ್ಲ. ರೋಗಿಗಳ ಗುರುತು ಹತ್ತಬಾರದೆಂದು ಹೆಸರುಗಳ ಮೇಲೆಲ್ಲ ಕಪ್ಪು ಪಟ್ಟಿ ಅಂಟಿಸಿಯೇ ಕಡತಗಳನ್ನು ಕೊಡುತ್ತಿದ್ದರು. ಆದರೆ ಈ ಕಡತದ ಹೊದಿಕೆಯ ಮೇಲಿನ ಸಂಖ್ಯೆ ಅವರದೇ ಕೈಬರಹ. ಒಂಬತ್ತು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಅರ್ಧ ಗಂಟೆಯ ಕೆಲಸ, ಮುಗಿಸಿ ಬಂದುಬಿಡುತ್ತೇನೆ ಎಂದು ಮೂರನೆಯ ವಾರ್ಡಿನಲ್ಲಿ ಮಲಗಿದ್ದ ಹೆಂಡತಿಗೆ ಹೇಳಿ ಅವರು ಇದೇ ಕುರ್ಚಿಗೆ ಇಳಿದು ಬಂದಿದ್ದರು. ಅರ್ಧ ಗಂಟೆ ಒಂದೂವರೆಯಾಯಿತು. ಮೇಲೇರಿ ಹೋಗುವಷ್ಟರಲ್ಲಿ ಹದಿನೇಳನೆಯ ಹಾಸಿಗೆಯ ಸುತ್ತ ಪರದೆ ಎಳೆದಾಗಿತ್ತು. ವಾಡಿಕೆಯಂತೆ ಮರುವಾರ ಕಡತ ಅವರ ಮೇಜಿಗೇ ಬಂತು. ಹೊದಿಕೆಯ ಮೇಲೆ ಸಂಖ್ಯೆ ಬರೆದು ಕಪಾಟಿಗೇರಿಸಿದರು. ಒಳಗೆ ತೆರೆದು ನೋಡಲಿಲ್ಲ. ತೆರೆದದ್ದು ಇಂದು ಬೆಳಿಗ್ಗೆ. ಅಂಚಿನಲ್ಲಿ ನರ್ಸ್ ಬರೆದಿಟ್ಟಿದ್ದಳು: 'ಯಜಮಾನರನ್ನು ಕರೆಸಲೇ ಎಂದು ಕೇಳಿದೆ. ಕೆಳಗೆ ಕೆಲಸದಲ್ಲಿದ್ದಾರೆ, ಬೇಡ ಎಂದರು.'

ಹೆಂಗಸಿನ ಬೆರಳು ನಕಲಿನ ಮೇಲೆ ಜಾರುತ್ತ ಅದೇ ಸಾಲಿನ ಮೇಲೆ ನಿಂತಿತು. ಮೇಜಿನ ಮೇಲಿದ್ದ ಮೂಲ ಕಡತದ ಹೊದಿಕೆಯಲ್ಲಿ, ಉದ್ದ ಬಾಲದ ಒಂಬತ್ತರ ಅಂಕಿಯನ್ನು ನೋಡಿದಳು. ಪಕ್ಕದ ಚೀಟಿಯಲ್ಲಿ ಗುಮಾಸ್ತರು ಅಂದಿನ ಲೆಕ್ಕ ಗೀಚಿಕೊಂಡಿದ್ದ, ಅಷ್ಟೇ ಉದ್ದ ಬಾಲದ ಒಂಬತ್ತನ್ನು ನೋಡಿದಳು. ನೆತ್ತಿಯ ಮೇಲಿನ ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಈ ಸಾಲು ಹಾಕೋಕೆ ನಾನೂ ಜಾಗ ಹುಡುಕಿದೆ ಸರ್," ಎಂದಳು ಮೆಲ್ಲಗೆ. "ಅದಕ್ಕೆ ಕಾಲಂ ಇಲ್ಲ." ನಕಲನ್ನು ಮಡಚಿದಳು. "ನಾನು ನಂದನ್ನೇ ತಿದ್ದಿಬಿಡ್ತೀನಿ. ಇಬ್ಬರದೂ 'ಇದ್ದರು' ಅಂತಾದ್ರೆ ಯಂತ್ರ ಒಪ್ಕೊಳ್ಳುತ್ತೆ. ಆಮೇಲೆ ಈ ಹಾಳೇನ ಯಾರೂ ತೆಗೆದು ನೋಡಲ್ಲ."

ಗುಮಾಸ್ತರು ಪರದೆಯ ಮೇಲಿನ 'ಇದ್ದರು' ಎಂಬುದನ್ನು ನೋಡಿದರು. ಒಂದೇ ಒಂದು ಮಾತು. ಒಂಬತ್ತು ವರ್ಷ ತಮಗೆ ತಾವೇ ಹೇಳಿಕೊಂಡು ನಂಬಲಾಗದ್ದನ್ನು ಇನ್ನು ಮುಂದೆ ಯಂತ್ರ ಹೇಳುತ್ತದೆ, ಲೋಕವೆಲ್ಲ ನಂಬುತ್ತದೆ.

"ಇಷ್ಟೆಲ್ಲ ಏರಿಸ್ತಾ ಇರೋದು ಕೊನೆಗೆ ಯಾತಕ್ಕಮ್ಮ?"

"ಯಾರ ಸ್ಥಿತಿ ಯಾವಾಗ ಕೆಡುತ್ತೆ ಅಂತ ಯಂತ್ರಕ್ಕೆ ಕಲಿಸ್ತಾರಂತೆ ಸರ್. ಪಕ್ಕದಲ್ಲಿ ಯಾರೂ ಇಲ್ದೇ ಇರೋ ರೋಗಿಗೆ ಹಾಗಾಗೋ ಮುಂಚೇನೇ ನರ್ಸಿಗೆ ಗಂಟೆ ಬಾರಿಸುತ್ತಂತೆ."

"ಹಾಗಾದ್ರೆ ನಾವು ಅದಕ್ಕೆ ಸುಳ್ಳು ಕಲಿಸೋದು ಬೇಡ. ನೀನು ಹೊರಡು ತಾಯಿ, ನಾನು ನೋಡ್ಕೋತೀನಿ."

ಅವಳು ಎದ್ದಳು. ನೆಲದ ಮೇಲಿದ್ದ ಕಡತಗಳನ್ನು ಜೋಪಾನವಾಗಿ ಎತ್ತಿ ಮತ್ತೆ ಕುರ್ಚಿಯ ಮೇಲಿಟ್ಟು ಹೋದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಅಡಗುವವರೆಗೂ ಗುಮಾಸ್ತರು ಕಾದರು. ಆಮೇಲೆ 'ಇದ್ದರು' ಎಂಬುದನ್ನು ಅಳಿಸಿ 'ಇಲ್ಲ' ಎಂದು ಒತ್ತಿದರು.

ತಿದ್ದಿದ್ದಕ್ಕೆ ಕಾರಣ ಕೊಡಿ ಎಂದಿತು ಯಂತ್ರ. ಆರಿಸಿಕೊಳ್ಳಲು ಮೂರೇ ಇದ್ದವು: ಕೈತಪ್ಪು, ಹಾಳೆ ಮಸುಕು, ಬರಹ ಅರ್ಥವಾಗಲಿಲ್ಲ. ಗುಮಾಸ್ತರು ಆ ದುಂಡನೆಯ ಅಕ್ಷರಗಳನ್ನು ಇನ್ನೊಮ್ಮೆ ಓದಿ, ಮೂರನೆಯದನ್ನು ಒತ್ತಿದರು.

ಪರದೆಯ ಮೇಲೆ ಹಸಿರು ಸಾಲು ಮೂಡಿತು. ವ್ಯತ್ಯಾಸ: ಸೊನ್ನೆ.