ಮೇಸ್ತ್ರಿಯ ಹೂಂ

ಕಾರ್ಮಿಕ ಇಲಾಖೆಯ ಮೇಡಂ ಏನೋ ಕೇಳಿದರು. ಮೇಸ್ತ್ರಿ ಗಂಭೀರವಾಗಿ ತಲೆ ಆಡಿಸಿ "ಹೂಂ" ಅಂದ. ಎಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ಆ ಶೆಡ್ಡಿನಲ್ಲಿ ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಮೇಡಂ ಹುಬ್ಬೇರಿಸಿ ಇನ್ನೊಂದು ಮಾತು ಕೇಳಿದರು. ಮೇಸ್ತ್ರಿ ಈ ಸಲ ಸ್ವಲ್ಪ ಹೆಚ್ಚು ತೂಕದ "ಹೂಂ" ಹಾಕಿದ. ಅವರು ಪೆನ್ನಿನ ಮುಚ್ಚಳ ತೆಗೆದು ಕೈಯಲ್ಲಿದ್ದ ಫಾರಂ ಮೇಲೆ ಬರೆಯತೊಡಗಿದರು.

ಎರಡು ವರ್ಷದಿಂದ ಮೇಸ್ತ್ರಿಯನ್ನು ಕಾಪಾಡಿಕೊಂಡು ಬಂದಿದ್ದೇ ಈ "ಹೂಂ". ಮೂವತ್ತು ವರ್ಷ ಮಗ್ಗದ ಸದ್ದು ಕುಡಿದ ಕಿವಿಗಳು ಕೈಕೊಟ್ಟಿದ್ದವು. ಹೊರಗೆ, ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ ಹೇಗೋ ನಡೆಯುತ್ತಿತ್ತು. ಶೆಡ್ಡಿನೊಳಗೆ ಕಿವಿಗೇ ಬಾಯಿಟ್ಟು ಕೂಗಿದರೂ ಬರೀ ಗಾಳಿ. ತನಗಿಂತ ಮುಂಚಿನ ಮೇಸ್ತ್ರಿಯನ್ನು ಕಿವಿ ಮಂದವಾಯಿತೆಂದು ವಾರದೊಳಗೆ ಮನೆಗೆ ಕಳಿಸಿದ್ದನ್ನು ಕಣ್ಣಾರೆ ಕಂಡವನು ಅವನು, ಹಾಗಾಗಿ ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ. ಆಕೆಯಾದರೋ, "ನಮ್ಮ ಯಜಮಾನ್ರು ಈಚೀಚೆಗೆ ನನ್ನ ಮಾತಿಗೆ ಎದುರಾಡೋದೇ ಇಲ್ಲ" ಎಂದು ಅಕ್ಕಪಕ್ಕದವರ ಮುಂದೆ ಬೀಗುತ್ತಿದ್ದಳು.

ಮೇಡಂ ಬಂದಿದ್ದು ಶೆಡ್ಡಿನವರು ಹದ್ದಿನಕಣ್ಣಿ ಅಂತ ಕರೆಯುತ್ತಿದ್ದ ಕೆಲಸಗಾರ್ತಿಯ ಸಲುವಾಗಿ. ಅವಳಿಗೆ ಹುಟ್ಟಿದಂದಿನಿಂದ ಕಿವಿ ಕೇಳದು, ಮಾತು ಬಾರದು. ನೂರಕ್ಕೆ ನಾಲ್ಕು ಕೆಲಸ ಇಂಥವರಿಗೆ ಕೊಡಲೇಬೇಕೆಂದು ಸರ್ಕಾರದ ಹೊಸ ನೀತಿ ಬಂದಾಗ, ಗಿರಣಿಯವರು ಒಲ್ಲದ ಮನಸ್ಸಿನಿಂದ ಅವಳನ್ನು ಮೂರು ತಿಂಗಳ ಪರೀಕ್ಷೆಗೆ ಸೇರಿಸಿಕೊಂಡಿದ್ದರು. ಇವತ್ತು ಅದರ ಕೊನೆಯ ದಿನ. ಮೇಸ್ತ್ರಿ ಬೇಡ ಅಂದರೆ ಮುಗಿಯಿತು. ಈಗಾಗಲೇ ನಾಲ್ಕು ಕಡೆ ಬಾಗಿಲಿಂದಲೇ ವಾಪಸಾದವಳು, ಮನೆಯಲ್ಲಿ ತಾಯಿ ಮತ್ತು ಮೂರು ವರ್ಷದ ಮಗಳು ಇವಳ ದಾರಿಯನ್ನೇ ಕಾಯುವವರು. "ಕಿವುಡರ ಮುಂದೆ ಶಂಖ ಊದೋ ಕೆಲಸ ನನ್ನ ಹಣೆಗೇ ಬರಬೇಕಿತ್ತಾ" ಎಂದು ಮೊದಲ ದಿನ ಗೊಣಗಿದ್ದವನು ಮೇಸ್ತ್ರಿಯೇ. ಆದರೆ ಮೂರು ಮಗ್ಗದಾಚೆ ಎಳೆ ಹರಿದರೂ ಎಲ್ಲರಿಗಿಂತ ಮುಂಚೆ ನೋಡುತ್ತಿದ್ದವಳು ಅವಳು. ಶೆಡ್ಡಿನ ಹೆಂಗಸರು ಆ ಹೆಸರಿಟ್ಟು, ಕೂಗಿ ಗಂಟಲು ಹರಿದುಕೊಳ್ಳುವುದಕ್ಕಿಂತ ಇದೇ ವಾಸಿಯೆಂದು ಅವಳ ಕೈಮಾತನ್ನೂ ಕಲಿತುಬಿಟ್ಟರು. ಅವರ ಹಿಂದೆ ಮೇಸ್ತ್ರಿಯೂ ಕಲಿತ.

ಯಾರೋ ಅವನ ಮೊಣಕೈ ಮುಟ್ಟಿದರು. ಹದ್ದಿನಕಣ್ಣಿ. ಮೇಡಂಗೆ ಬೆನ್ನು ಮಾಡಿ, ಅವರಿಗೆ ಕಾಣದ ಹಾಗೆ ಕೈಗಳನ್ನು ಹೊಟ್ಟೆಯ ಹತ್ತಿರವೇ ಇಟ್ಟುಕೊಂಡು ಬೆರಳಾಡಿಸಿದಳು. ಮೇಡಂ ತುಟಿ ನೋಡಿ ಅವಳು ಎಲ್ಲ ತಿಳಿದುಕೊಂಡಿದ್ದಳು.

'ಇವಳಿಂದ ನಿಮಗೆ ಕಷ್ಟವಾ ಅಂತ ಕೇಳಿದ್ರು. ನೀವು ಹೌದು ಅಂದ್ರಿ. ಹಾಗಾದ್ರೆ ಕೆಲಸದಿಂದ ಬಿಡಿಸೋಣವಾ ಅಂದ್ರು. ಅದಕ್ಕೂ ಹೌದು ಅಂದ್ರಿ.' ಅವಳ ಮುಖ ಬಿಳಿಚಿತ್ತು, ಬೆರಳು ಮಾತ್ರ ತಪ್ಪಲಿಲ್ಲ. 'ನಿಮಗೆ ಕೇಳಿಸ್ಲಿಲ್ಲ, ನಂಗೊತ್ತು. ಬೇಗ ಹೇಳಿ.'

ಮೇಸ್ತ್ರಿ ತಡಮಾಡದೆ ಮೇಡಂ ಅವರನ್ನು ಬಾಗಿಲಾಚೆಗಿನ ಓಣಿಗೆ ಕರೆದುಕೊಂಡು ಬಂದ, ಅವಳೂ ಹಿಂದೆಯೇ ಬಂದಳು. ಬಾಗಿಲು ಮುಚ್ಚಿದ ಮೇಲೆ ಸದ್ದು ತಗ್ಗಿತು.

"ಬರೀಬೇಡಿ ಅಮ್ಮಾ, ಬಾಯಿತಪ್ಪಿ ಹೂಂ ಅಂದುಬಿಟ್ಟೆ. ಇವಳಂಥ ಕೆಲಸಗಾರ್ತಿ ಇಡೀ ಶೆಡ್ಡಲ್ಲಿ ಇಲ್ಲ."

"ಎರಡು ಸಲ ಬಾಯಿ ತಪ್ಪುತ್ತಾ ಮೇಸ್ತ್ರಿಗಳೇ?" ಮೇಡಂ ದನಿ ಏರಿತು. "ಈಗ ಅವಳು ಬಂದು ಕೈಕಾಲು ಹಿಡಿದಳು, ನೀವು ಕರಗಿದ್ರಿ. ಕನಿಕರಕ್ಕೆ ಕೆಲಸ ಕೊಡೋ ನೀತಿ ಅಲ್ಲ ಇದು. ನೀವು ಮೊದಲು ಹೇಳಿದ್ದೇ ನಿಜ ಅಂತ ಬರ್ಕೋತೀನಿ."

ಮೇಸ್ತ್ರಿ ತನ್ನ ಕಿವಿಯತ್ತ ಕೈ ಎತ್ತಿದ. ಅದನ್ನು ನೋಡಿದ್ದೇ ತಡ, ಹದ್ದಿನಕಣ್ಣಿ 'ಬೇಡ, ಬೇಡ' ಎಂದು ಜೋರಾಗಿ ತಲೆ ಆಡಿಸಿದಳು. ಅವನು ಹೇಳಿಯೇಬಿಟ್ಟ.

"ನಂಗೆ ಕಿವಿ ಕೇಳಿಸಲ್ಲಮ್ಮ. ಎರಡು ವರ್ಷ ಆಯ್ತು. ನೀವು ಏನು ಕೇಳಿದ್ರಿ ಅಂತ ನಂಗೆ ಹೇಳಿದ್ದೇ ಇವಳು."

ಮೇಡಂ ಪೆನ್ನು ನಿಂತಿತು. ಅವನನ್ನೇ ಒಂದು ಗಳಿಗೆ ನೋಡಿ, ಬರೆದಿದ್ದ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದು, ಅವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು. "ಕೆಲಸ ಮಾಡ್ತಾ ಕಿವಿ ಹೋದವರನ್ನ ಹೊರಗೆ ಹಾಕೋ ಹಾಗಿಲ್ಲ ಅಂತಲೂ ಇದೇ ನೀತೀಲಿದೆ. ನಿಮಗೆ ಯಾರೂ ಹೇಳ್ಲಿಲ್ವಾ?"

"ಹೇಳಿದ್ರೋ ಏನೋ. ಕೇಳಿಸ್ಬೇಕಲ್ಲ."

ಮೇಡಂಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹದ್ದಿನಕಣ್ಣಿಯ ಕಡೆ ತಿರುಗಿ, ಅದೇ ಗಟ್ಟಿ ದನಿಯಲ್ಲಿ, ತುಟಿ ಚೆನ್ನಾಗಿ ಕಾಣುವ ಹಾಗೆ ನಿಧಾನವಾಗಿ ಕೇಳಿದರು. "ಇವರ ಕಿವಿ ವಿಷಯ ನಿನಗೆ ಯಾವಾಗಿಂದ ಗೊತ್ತು?"

ಅವಳು ಒಂದು ಬೆರಳೆತ್ತಿದಳು. ಮೊದಲನೇ ದಿನದಿಂದ.

ಮೇಸ್ತ್ರಿಗೆ ಇದು ಹೊಸ ಸುದ್ದಿ. ಹಿಂದಿನಿಂದ ಮ್ಯಾನೇಜರು ಬಂದಾಗಲೆಲ್ಲ ಇವಳು ತಲೆಯೆತ್ತಿ ತನ್ನ ಹೆಗಲಾಚೆ ನೋಡುತ್ತಿದ್ದದ್ದು, ತಾನು ಸಮಯಕ್ಕೆ ಸರಿಯಾಗಿ ಹಿಂದೆ ತಿರುಗುತ್ತಿದ್ದದ್ದು ಒಂದೊಂದಾಗಿ ನೆನಪಿಗೆ ಬಂತು. ತನ್ನ ಅದೃಷ್ಟ ಗಟ್ಟಿಯಿದೆ ಅಂದುಕೊಂಡಿದ್ದನಲ್ಲ! ಮೂರು ತಿಂಗಳು, ಪ್ರತಿ ದಿನ. ಇಷ್ಟು ದೊಡ್ಡ ಮನಸ್ಸು ಈ ಸಣ್ಣ ಜೀವದೊಳಗೆ ಎಲ್ಲಿ ಹಿಡಿಸಿತೆಂದು ಅವನು ಬೆರಗಾದ.

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?" ಮೇಡಂ ಕೇಳಿದರು.

ಅವಳ ಕೈ ಚಿಕ್ಕದಾಗಿ ಆಡಿ ನಿಂತಿತು. ಮೇಡಂ ಅರ್ಥವಾಗದೆ ಮೇಸ್ತ್ರಿಯ ಮುಖ ನೋಡಿದರು.

"ಹೇಳಿದ್ರೆ ಕೆಲಸ ಹೋಗ್ತಿತ್ತು ಅಂತಿದಾಳೆ."

"ಅವಳದಾ?"

"ಅಲ್ಲಮ್ಮ. ನಂದು."